ಕಾಣದ ಕಣ, ಕಾಣುವ ಕಲೆ

ನ್ಯಾನೋ ಎಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ಮನೆಗಳೊಳಕ್ಕೂ ಬಂದು ಸೇರಿದೆ. ೨೦೦೯ರಲ್ಲಿ ಟಾಟಾ ಕಂಪೆನಿಯವರ ಪುಟ್ಟ ಕಾರು ರಸ್ತೆಗಿಳಿದಾಗ ನಮ್ಮಲ್ಲಿ ಅನೇಕರು ಆ ಮಾತನ್ನು ಮೊದಲು ಕೇಳಿದ್ದು. ಕಾರಿನ ತಯಾರಿಕೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಮಾತು ಮಾತ್ರ ನಿಲ್ಲಲಿಲ್ಲ. ಈಗ ನೀರು ಸೋಸುವ ಯಂತ್ರ, ಗೋಡೆಯ ಬಣ್ಣ, ಹೊಲದ ಗೊಬ್ಬರ, ಮುಖಕ್ಕೆ ಹಚ್ಚುವ ಕ್ರೀಮು ಎಲ್ಲದರ ಮೇಲೂ ಆ ಹೆಸರಿದೆ. ಶಾಲೆಯ ಮಕ್ಕಳಿಗೆ ಕೊಡುವ ಪ್ರಬಂಧದ ವಿಷಯಗಳಲ್ಲಿಯೂ ಇದೆ. 'ನ್ಯಾನೋ ತಂತ್ರಜ್ಞಾನಕ್ಕೂ ಕಲೆಗೂ ಏನು ಸಂಬಂಧ?' ಎಂದು ನನ್ನ ಅಕ್ಕನ ಮಗಳು ಕೇಳಿದಾಗ, ಬಿ.ಎ. ಓದಿ ಸರಕಾರಿ ಕಚೇರಿಯಲ್ಲಿ ಕಡತ ತಿರುವುವ ನನ್ನಂಥವನಿಗೆ ಉತ್ತರ ಹೊಳೆಯುವುದು ಹೇಗೆ? ಆದರೂ ವಿಷಯವನ್ನು ಬೆನ್ನಟ್ಟಿ ನಾಲ್ಕು ಪುಸ್ತಕ ನೋಡಿದ ಮೇಲೆ ತಿಳಿದುಬಂದ ಸಂಗತಿ ಇಷ್ಟು: ಈ ಸಂಬಂಧ ಹೊಸದಲ್ಲ, ದೂರದ್ದೂ ಅಲ್ಲ. ಅದರ ಒಂದು ತುದಿ ಮೈಸೂರಿನಲ್ಲಿದೆ, ಇನ್ನೊಂದು ಬೀದರಿನಲ್ಲಿದೆ, ಮತ್ತೊಂದು ನಮ್ಮ ಅಜ್ಜಿಯಂದಿರ ಕಾಡಿಗೆಯ ಭರಣಿಯಲ್ಲಿದೆ.

ಮೊದಲು ಅಳತೆಯ ಮಾತು. ಗ್ರೀಕ್ ಭಾಷೆಯಲ್ಲಿ ನ್ಯಾನೋ ಎಂದರೆ ಕುಳ್ಳ. ನಮ್ಮಲ್ಲಿ ವಾಮನ ಎನ್ನಬಹುದು. ಒಂದು ಮೀಟರನ್ನು ೧೦೦ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು ಒಂದು ನ್ಯಾನೋಮೀಟರು. ತಲೆಗೂದಲ ದಪ್ಪ ಸುಮಾರು ೮೦,೦೦೦ದಿಂದ ಒಂದು ಲಕ್ಷ ನ್ಯಾನೋಮೀಟರು. ನಮ್ಮ ಕೈಯ ಉಗುರು ಸೆಕೆಂಡಿಗೆ ಹೆಚ್ಚುಕಡಮೆ ಒಂದು ನ್ಯಾನೋಮೀಟರು ಬೆಳೆಯುತ್ತದೆ. ತಾವು ಈ ಸಾಲು ಓದಿ ಮುಗಿಸುವಷ್ಟರಲ್ಲಿ ಐದಾರು ನ್ಯಾನೋಮೀಟರು ಬೆಳೆದಿರುತ್ತದೆ. ಸಾಮಾನ್ಯವಾಗಿ ಒಂದರಿಂದ ನೂರು ನ್ಯಾನೋಮೀಟರಿನೊಳಗಿನ ವಸ್ತುಗಳನ್ನು ಬೇಕೆಂದ ಹಾಗೆ ರೂಪಿಸಿ ಬಳಸುವ ವಿದ್ಯೆಗೆ ಈ ಹೆಸರು. ಜಪಾನಿನ ನೋರಿಯೋ ತಾನಿಗುಚಿ ಎಂಬ ಪ್ರಾಧ್ಯಾಪಕರು ೧೯೭೪ರಲ್ಲಿ ಈ ಪದವನ್ನು ಬಳಕೆಗೆ ತಂದರು.

ಅಂಕಿಗಳಿಂದ ಮನಸ್ಸಿಗೆ ಏನೂ ಹತ್ತುವುದಿಲ್ಲವೆನ್ನುವವರಿಗೆ ನಮ್ಮ ಅಣ್ಣಾ ನಗರದ ಉದ್ಯಾನದ ಗೋಪುರವನ್ನೇ ಅಳತೆಗೋಲಾಗಿ ಹಿಡಿಯೋಣ. ೧೯೬೮ರ ವ್ಯಾಪಾರ ಮೇಳಕ್ಕಾಗಿ ಎದ್ದ ಈ ಗೋಪುರಕ್ಕೆ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರಿದೆ ಎಂಬುದು ಇಲ್ಲಿನ ಕನ್ನಡಿಗರಿಗೆ ಒಳಗೊಳಗೇ ಒಂದು ಸಂತೋಷ. ಹಲವು ವರ್ಷ ಬಾಗಿಲು ಹಾಕಿದ್ದು ೨೦೨೩ರಲ್ಲಿ ಮತ್ತೆ ತೆರೆದಾಗ ಹತ್ತಿ ಬಂದವರು ನಮ್ಮ ಸಂಘದಲ್ಲಿಯೂ ಅನೇಕರಿದ್ದಾರೆ. ಎತ್ತರ ಸುಮಾರು ೧೩೫ ಅಡಿ. ಬಹಳ ನಯವಾಗಿ ಬಡಿದ ಚಿನ್ನದ ರೇಕಿನ ದಪ್ಪ ಸುಮಾರು ೧೦೦ ನ್ಯಾನೋಮೀಟರು. ಅಂಥ ರೇಕುಗಳನ್ನು ಒಂದರ ಮೇಲೊಂದು ಅಡುಕಿ ಈ ಗೋಪುರದ ತುದಿ ಮುಟ್ಟಬೇಕಾದರೆ ೪೦ ಕೋಟಿಗೂ ಮೇಲೆ ರೇಕು ಬೇಕು. ಇನ್ನೊಂದು ಲೆಕ್ಕ: ಒಂದೇ ಒಂದು ಗ್ರಾಮ್ ಚಿನ್ನವನ್ನು ಆ ಹದಕ್ಕೆ ಬಡಿದರೆ ಅರ್ಧ ಚದರ ಮೀಟರು ಜಾಗ ಮುಚ್ಚುತ್ತದೆ, ಎಂದರೆ ಎರಡು ಬಾಳೆಲೆ ಹಾಸುವಷ್ಟು. ದಪ್ಪದಲ್ಲಿ ಎಣಿಸಿದರೆ ನಾಲ್ಕೈದು ನೂರು ಪರಮಾಣುಗಳು, ಅಷ್ಟೆ.

ಇದನ್ನು ಯಾವ ಯಂತ್ರವೂ ಮೊದಲು ಮಾಡಿದ್ದಲ್ಲ. ಚರ್ಮದ ಹಾಳೆಗಳ ನಡುವೆ ಚಿನ್ನವನ್ನಿಟ್ಟು ಸುತ್ತಿಗೆಯಿಂದ ಗಂಟೆಗಟ್ಟಲೆ ಬಡಿದ ತೋಳುಗಳು ಮಾಡಿದ್ದು.

ಈ ರೇಕು ನಮ್ಮ ಮೈಸೂರು ಚಿತ್ರಗಳಲ್ಲಿ ಏನು ಕೆಲಸ ಮಾಡುತ್ತದೆ ಎಂಬುದನ್ನು ನಿಧಾನವಾಗಿ ನೋಡತಕ್ಕದ್ದು. ೧೫೬೫ರಲ್ಲಿ ವಿಜಯನಗರ ಹಾಳಾದ ಮೇಲೆ ಚೆದರಿದ ಚಿತ್ರಗಾರರ ಮನೆತನಗಳಲ್ಲಿ ಕೆಲವು ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ ಆಶ್ರಯ ಪಡೆದುವು, ಕೆಲವು ತಂಜಾವೂರಿನ ಕಡೆಗೆ ಹೋದುವು. ಆದಕಾರಣ ತಂಜಾವೂರು ಚಿತ್ರವೂ ಮೈಸೂರು ಚಿತ್ರವೂ ದಾಯಾದಿಗಳು. ತಂಜಾವೂರಿನದು ಮೈತುಂಬ ಒಡವೆ ಹಾಕಿಕೊಂಡ ಮದುವೆಯ ಮನೆಯ ಹೆಣ್ಣಿನಂತೆ; ಉಬ್ಬು ಎದ್ದು ಕಾಣುತ್ತದೆ, ಗಾಜಿನ ಹರಳು ಹೊಳೆಯುತ್ತದೆ. ಮೈಸೂರಿನದು ಸಂಕೋಚದ ಸ್ವಭಾವ. ಮಕ್ಕಿ ಸಫೇದವೆಂಬ ಲೇಪದಿಂದ ಕಿರೀಟ, ಕಂಠೀಹಾರ, ಸೀರೆಯ ಅಂಚುಗಳನ್ನು ಬೆರಳಿಗೆ ಮಾತ್ರ ತಿಳಿಯುವಷ್ಟು ಉಬ್ಬಿಸಿ, ಅದು ಆರಿದ ಮೇಲೆ ರೇಕನ್ನು ಅಂಟಿಸುತ್ತಾರೆ. ರೇಕು ಹಾಕುವಾಗ ಫ್ಯಾನು ನಿಲ್ಲಿಸಬೇಕು, ಬಾಗಿಲು ಹಾಕಬೇಕು, ಚಿತ್ರಗಾರ ಉಸಿರನ್ನೂ ಒಂದು ಕಡೆಗೆ ತಿರುಗಿಸಿ ಬಿಡಬೇಕು. ಬೆರಳಿನಿಂದ ಮುಟ್ಟಿದರೆ ಬೆರಳಿಗೇ ಅಂಟಿ ಮುಗಿಯಿತು. ರೇಕು ಅಷ್ಟು ತೆಳ್ಳಗಿರುವುದರಿಂದಲೇ ಕೆಳಗಿನ ಕುಸುರಿಯ ಒಂದೊಂದು ಗೆರೆಯೂ ಅದರ ಮೂಲಕ ಮೂಡಿ ಬರುತ್ತದೆ. ದಪ್ಪ ತಗಡು ಹಾಕಿದ್ದರೆ ಗೆರೆ ಹೂತುಹೋಗುತ್ತಿತ್ತು. ಚಿನ್ನವನ್ನು ಉಳಿಸುವ ಜಿಪುಣತನದಿಂದ ತೆಳುವಾಯಿತೆಂದು ಕೆಲವರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಕಲೆಗೇ ಆ ತೆಳುವು ಬೇಕಾಗಿತ್ತು.

ಇಲ್ಲಿ ಕೊಳ್ಳುವವರಿಗೆ ಒಂದು ಕಿವಿಮಾತು. ಚೆನ್ನೈಯಂಥ ಉಪ್ಪುಗಾಳಿಯ ಊರಿನಲ್ಲಿ ಅಪ್ಪಟ ಚಿನ್ನದ ರೇಕು ನೂರು ವರ್ಷವಾದರೂ ಕಪ್ಪಾಗುವುದಿಲ್ಲ. ಹಿತ್ತಾಳೆಯ ಜಾತಿಯ ನಕಲಿ ರೇಕು ಕೆಲವು ವರ್ಷಗಳಲ್ಲಿ ಕಂದಿ ಕಲೆ ಹಿಡಿಯುತ್ತದೆ. ಅಂಗಡಿಯವನು ಎಷ್ಟು ಬಾಯಿ ಮಾಡಿದರೂ ಕಾಲಕ್ರಮದಲ್ಲಿ ಗಾಳಿಯೇ ಸಾಕ್ಷಿ ಹೇಳುತ್ತದೆ.

ಚಿನ್ನದ ರೇಕಿನ ಕಥೆ ಇಷ್ಟಕ್ಕೆ ಮುಗಿಯಲಿಲ್ಲ. ಒಂದು ರೇಕನ್ನು ಗಾಜಿನ ಮೇಲೆ ಹರಡಿ ಬೆಳಕಿಗೆ ಹಿಡಿದು ನೋಡಿದರೆ ಅದರ ಮೂಲಕ ಬರುವ ಬೆಳಕು ಹಳದಿಯಲ್ಲ, ಹಸಿರು! ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತು, ಕೊನೆಗೆ ವಿದ್ಯುಚ್ಛಕ್ತಿಯ ಮಹಾ ಸಂಶೋಧಕನಾದ ಮೈಕೇಲ್ ಫ್ಯಾರಡೆ ಇಂಥ ರೇಕುಗಳನ್ನು ಹಿಡಿದುಕೊಂಡು ಕುಳಿತಿದ್ದ. ಚಿನ್ನವನ್ನು ಇನ್ನೂ ಸಣ್ಣ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲಿಸಿದಾಗ ನೀರು ಮಾಣಿಕ್ಯದಂತೆ ಕೆಂಪಾಯಿತು. ಕಣ ಕಣ್ಣಿಗೆ ಕಾಣದಷ್ಟು ಕಿರಿದಾದುದೇ ಈ ಬಣ್ಣದ ಗುಟ್ಟೆಂದು ಆತ ೧೮೫೭ರಲ್ಲಿ ಲಂಡನ್ನಿನ ವಿದ್ವತ್ಸಭೆಯಲ್ಲಿ ಹೇಳಿದ. ಆತ ಮಾಡಿದ ಕೆಂಪು ದ್ರಾವಣದ ಸೀಸೆಗಳು ಇಂದಿಗೂ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿವೆ.

ಚಿನ್ನ ಕೆಂಪಾಗುವುದು ಹೇಗೆ? ಉಯ್ಯಾಲೆಯನ್ನು ನೆನೆಯಿರಿ. ಅದರ ತೂಗಿಗೆ ಸರಿಯಾದ ಹೊತ್ತಿನಲ್ಲಿ ನೂಕಿದರೆ ಎಳೆಯ ಮಗುವಿನ ಕೈಯೂ ಉಯ್ಯಾಲೆಯನ್ನು ಎತ್ತರಕ್ಕೆ ಕಳುಹಿಸುತ್ತದೆ. ಹೊತ್ತು ತಪ್ಪಿದರೆ ಪೈಲವಾನನಿಂದಲೂ ಆಗದು. ಇಪ್ಪತ್ತು ನ್ಯಾನೋಮೀಟರಿನಷ್ಟು ಪುಟ್ಟ ಚಿನ್ನದ ಕಣದಲ್ಲಿರುವ ಎಲೆಕ್ಟ್ರಾನುಗಳು ಬೆಳಕು ಬಿದ್ದಾಗ ಹೀಗೆ ತೂಗುತ್ತವೆ. ಅವುಗಳ ತೂಗಿಗೆ ಹೊಂದುವುದು ಹಸಿರು ಬೆಳಕು. ಹಸಿರನ್ನು ಅವು ನುಂಗಿಬಿಡುತ್ತವೆ, ಕೆಂಪು ಉಳಿದು ಹೊರಗೆ ಬರುತ್ತದೆ. ಕಣ ಇನ್ನಷ್ಟು ದೊಡ್ಡದಾದರೆ ಬಣ್ಣ ನೇರಳೆಯ ಕಡೆಗೆ ಸರಿಯುತ್ತದೆ. ವಸ್ತು ಅದೇ, ಬಣ್ಣ ಬೇರೆ. ಬದಲಾದದ್ದು ಗಾತ್ರ ಮಾತ್ರ. ಇಡೀ ನ್ಯಾನೋ ಶಾಸ್ತ್ರದ ಹುರುಳು ಈ ಒಂದು ಸಂಗತಿಯಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ಯೂರೋಪಿನ ಗಾಜುಗಾರರು ಇದನ್ನು ತಿಳಿಯದೆಯೇ ಬಳಸಿದರು. ಬ್ರಿಟಿಷ್ ಮ್ಯೂಸಿಯಮ್ಮಿನವರು ೧೯೫೮ರಲ್ಲಿ ಕೊಂಡ ಲೈಕರ್ಗಸ್ ಬಟ್ಟಲು ನಾಲ್ಕನೆಯ ಶತಮಾನದ ರೋಮನ್ನರದು. ಮುಂದಿನಿಂದ ಬೆಳಕು ಬಿದ್ದರೆ ಅದು ಹಸಿರು, ಒಳಗೆ ದೀಪ ಇಟ್ಟರೆ ಕೆಂಪು. ೧೯೯೦ರ ಹೊತ್ತಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದರ ಒಂದು ಚೂರನ್ನು ನೋಡಿದಾಗ ೫೦ರಿಂದ ೧೦೦ ನ್ಯಾನೋಮೀಟರಿನ ಬೆಳ್ಳಿ ಚಿನ್ನಗಳ ಕಣ ಗಾಜಿನಲ್ಲಿ ಹುದುಗಿರುವುದು ಕಂಡಿತು.

ರೋಮನ್ ಬಟ್ಟಲು ನಮ್ಮ ಮನೆಗಳಲ್ಲಿ ಇರುವುದಿಲ್ಲ, ಕಾಡಿಗೆ ಇತ್ತು. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಟ್ಟೆ ಮಗುಚಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಆ ಮಸಿಯನ್ನು ತುಪ್ಪದಲ್ಲಿ ಕಲಸುತ್ತಿದ್ದ ನಮ್ಮ ಅಜ್ಜಿಯಂದಿರ ಭರಣಿಯಲ್ಲಿದ್ದುದು ಹತ್ತಾರು ನ್ಯಾನೋಮೀಟರಿನ ಇಂಗಾಲದ ಕಣಗಳೇ. ದೀಪದ ಮಸಿ ಅಷ್ಟು ನಯವಾದ್ದರಿಂದಲೇ ಅದರ ಕಪ್ಪು ಅಷ್ಟು ಗಾಢ. ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳಿಗೆ ತುಂಬಿದ್ದು, ಮೈಸೂರು ಚಿತ್ರದಲ್ಲಿ ದೇವರ ಹುಬ್ಬನ್ನು ತಿದ್ದಿದ್ದು ಇದೇ ಕಪ್ಪು. ನಮ್ಮ ಹಳೆಯ ಓಲೆಗರಿಗಳಲ್ಲಿ ಗರಿ ಪುಡಿಯಾದರೂ ಅಕ್ಷರ ಮಾಸದಿರುವುದನ್ನು ನೋಡಬಹುದು.

ಇನ್ನು ಬೀದರಿಗೆ ಹೋಗೋಣ. ಬಿದರಿ ಎಂದರೆ ಕಪ್ಪು ಲೋಹದ ಮೇಲೆ ಬೆಳ್ಳಿಯ ಹೂಬಳ್ಳಿ. ಮದುವೆಗೆ ಉಡುಗೊರೆಯಾಗಿ ಬಂದ ಒಂದು ಹೂಜಿಯೋ ಡಬ್ಬಿಯೋ ನಮ್ಮಲ್ಲಿ ಹಲವರ ಗಾಜಿನ ಬೀರುವಿನಲ್ಲಿರುತ್ತದೆ. ಇದು ಕಬ್ಬಿಣವೆಂದೇ ಬಹಳ ಜನ ತಿಳಿದಿದ್ದಾರೆ. ಕಬ್ಬಿಣವಲ್ಲ. ಹದಿನಾರು ಪಾಲು ಸತುವಿಗೆ ಒಂದು ಪಾಲಿನಂತೆ ತಾಮ್ರ ಸೇರಿಸಿ ಕರಗಿಸಿ ಮರಳಿನ ಅಚ್ಚಿನಲ್ಲಿ ಎರೆಯುತ್ತಾರೆ. ಅಚ್ಚಿನಿಂದ ಹೊರಬಂದಾಗ ಅದು ಬೂದು ಬಣ್ಣದ, ಯಾವ ಕಳೆಯೂ ಇಲ್ಲದ ಪಾತ್ರೆ. ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಗೆರೆ ಕಾಣಬೇಕಲ್ಲ, ಅದಕ್ಕೆ. ಮೇಲೆ ಚಿತ್ರ ಗೀರಿ, ಉಳಿಯಿಂದ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿಯನ್ನೂ ತಗಡಿನ ಚೂರನ್ನೂ ಕೂರಿಸಿ ಸುತ್ತಿಗೆಯಿಂದ ಬಡಿದು, ಮತ್ತೆ ಉಜ್ಜುತ್ತಾರೆ. ಈಗ ನೋಡಿದರೆ ಬೂದು ಲೋಹದಲ್ಲಿ ಬಿಳಿ ಬೆಳ್ಳಿ ಅಡಗಿಹೋಗಿದೆ. ಇಷ್ಟು ದಿನದ ದುಡಿಮೆ ಎಲ್ಲಿ ಹೋಯಿತೆಂದು ನೋಡುವವರಿಗೆ ಅನ್ನಿಸಬೇಕು.

ಆಗ ಬರುತ್ತದೆ ಮಣ್ಣು. ಬೀದರಿನ ಹಳೆಯ ಕೋಟೆಯಲ್ಲಿ ಶತಮಾನಗಳಿಂದ ಬಿಸಿಲು ಮಳೆ ಕಾಣದ ಮೂಲೆಗಳ ಮಣ್ಣನ್ನು ತರುತ್ತಾರೆ. ಎಲ್ಲ ಮಣ್ಣೂ ಆಗದು. ಕುಶಲಿಗಳು ಚಿಟಿಕೆ ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. ಅದನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಹದವಾಗಿ ಕಾಯಿಸಿದ ಪಾತ್ರೆಗೆ ಬಳಿದು ಉಜ್ಜಿದರೆ ಲೋಹವೆಲ್ಲ ಇದ್ದಕ್ಕಿದ್ದಂತೆ ಕಡುಗಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರ ಮೂಡಿದ ಹಾಗೆ ಹೂಬಳ್ಳಿ ಎದ್ದು ನಿಲ್ಲುತ್ತದೆ. ಕಡೆಗೆ ಒಂದಿಷ್ಟು ಎಣ್ಣೆಯ ಕೈ.

ಇದರ ರಹಸ್ಯವನ್ನು ರಸಾಯನ ಶಾಸ್ತ್ರಜ್ಞರು ಬಿಡಿಸಿದ್ದಾರೆ. ಮಣ್ಣಿನ ಲವಣಗಳೂ ನವಸಾಗರವೂ ಸೇರಿ ಮೇಲ್ಮೈಯ ಸತುವನ್ನು ಕರಗಿಸಿ ತೆಗೆಯುತ್ತವೆ. ತಾಮ್ರ ಹಿಂದೆ ಉಳಿಯುತ್ತದೆ. ಹಾಗೆ ಉಳಿದ ತಾಮ್ರದ ಸಂಯುಕ್ತಗಳ ಬಹು ತೆಳುವಾದ, ಅತಿ ನಯವಾದ ಪದರ ಬೆಳಕನ್ನೆಲ್ಲ ಹೀರಿಬಿಡುತ್ತದೆ. ಹದಿನೇಳರಲ್ಲಿ ಒಂದು ಪಾಲಾದ ಆ ತಾಮ್ರ ಇಲ್ಲದಿದ್ದರೆ ಬರಿಯ ಸತುವಿಗೆ ಈ ಕಪ್ಪು ಬರುವುದಿಲ್ಲ. ಬಿದರಿಯ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಚರ್ಮವೇ ಬದಲಾದದ್ದು. ತಾಮ್ರ ಎಷ್ಟಿರಬೇಕು, ಮಣ್ಣು ಯಾವುದಿರಬೇಕು, ಪಾತ್ರೆ ಎಷ್ಟು ಕಾಯಬೇಕು ಎಂಬುದನ್ನು ತಕ್ಕಡಿಯೂ ಉಷ್ಣಮಾಪಕವೂ ಇಲ್ಲದೆ ತಲೆಮಾರುಗಳ ಕೈ, ಕಣ್ಣು, ನಾಲಗೆ ಕಂಡುಕೊಂಡವು.

ಆ ಪದರ ಎಷ್ಟು ತೆಳ್ಳಗಿದೆ ಎಂಬುದಕ್ಕೆ ಪುರಸವಾಕದಲ್ಲಿರುವ ನಮ್ಮ ಸ್ನೇಹಿತರೊಬ್ಬರ ಮನೆಯೇ ನಿದರ್ಶನ. ಆಯುಧ ಪೂಜೆಯ ಹಿಂದಿನ ದಿನ ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣಿನಿಂದ ಬೆಳಗುವಾಗ, ಕೆಲಸದಾಕೆ ಪಾಪ ಭಕ್ತಿಯಿಂದ ಬಿದರಿಯ ಹೂಜಿಯನ್ನೂ ತಿಕ್ಕಿ ತೊಳೆದಳು. ಒಂದು ಪಕ್ಕ ಬೂದುಬಣ್ಣಕ್ಕೆ ತಿರುಗಿತು. ಯಜಮಾನರು ಬೂಟ್ ಪಾಲಿಷ್ ಹಚ್ಚಿ ನೋಡಿದರಂತೆ. ಬೂಟ್ ಪಾಲಿಷಿನ ವಾಸನೆಯ ಹೂಜಿಯಾಯಿತೇ ಹೊರತು ಬಿದರಿಯ ಕಪ್ಪು ಬರಲಿಲ್ಲ. ಬಿದರಿಗೆ ಹುಣಸೆ, ನಿಂಬೆ ಯಾವುದೂ ಕೂಡದು. ಒಣ ಮೆತ್ತನೆಯ ಬಟ್ಟೆ, ಎಂದಾದರೊಮ್ಮೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸಾಕು.

ಬಿದರಿಯಂತೆಯೇ ಒಂದು ನೆಲದ ಗುಣಕ್ಕೆ ಕಟ್ಟುಬಿದ್ದ ಇನ್ನೊಂದು ಲೋಹವಿದ್ಯೆ ನಮ್ಮಲ್ಲಿತ್ತು, ಅದು ನಿಂತೇಹೋಯಿತು. ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಹೇಳುತ್ತಿದ್ದೇನೆ. ಇಂಗ್ಲಿಷಿನ ವೂಟ್ಸ್ ಎಂಬ ಪದ ನಮ್ಮ 'ಉಕ್ಕು' ಎಂಬುದರ ಅಪಭ್ರಂಶವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ೧೮೦೦–೦೧ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಉಕ್ಕು ಮಾಡುವ ಕ್ರಮವನ್ನು ಬರೆದಿಟ್ಟಿದ್ದಾನೆ. ಈ ಜಾತಿಯ ಉಕ್ಕಿನಿಂದಲೇ ಡಮಾಸ್ಕಸ್ ಕತ್ತಿಗಳು ಆದದ್ದು. ಅವುಗಳ ಅಲಗಿನ ಮೇಲೆ ನೀರಿನ ಅಲೆಯಂಥ ಸಹಜವಾದ ಚಿತ್ತಾರವಿರುತ್ತದೆ. ನಮ್ಮ ಫ್ಯಾರಡೆ ಚಿನ್ನಕ್ಕೆ ಕೈಹಾಕುವ ಮೊದಲು, ೧೮೧೯ರಿಂದ ಕೆಲವು ವರ್ಷ, ಈ ಉಕ್ಕಿನ ಗುಟ್ಟು ಹುಡುಕುತ್ತಿದ್ದ. ಅದು ಅವನಿಗೆ ಸಿಕ್ಕಲಿಲ್ಲ. ೨೦೦೬ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ವಿಜ್ಞಾನಿಗಳು ೧೭ನೆಯ ಶತಮಾನದ ಅಂಥ ಒಂದು ಕತ್ತಿಯ ಚೂರಿನಲ್ಲಿ ಇಂಗಾಲದ ನ್ಯಾನೋ ಕೊಳವೆಗಳನ್ನು ಕಂಡೆವೆಂದು ಪ್ರಕಟಿಸಿದರು. ಇತ್ತ ಅಮೆರಿಕದ ವರ್ಹೋವನ್ ಮೊದಲಾದವರು ೧೯೯೮ರಲ್ಲಿ, ಅದಿರಿನಲ್ಲಿದ್ದ ವೆನೇಡಿಯಂನಂಥ ಧಾತುಗಳ ಲವಲೇಶದಿಂದ ಆ ಚಿತ್ತಾರ ಮೂಡುತ್ತಿತ್ತೆಂದೂ, ಅಂಥ ಅದಿರು ಸಿಕ್ಕದಾದಾಗ ವಿದ್ಯೆ ಅಳಿದಿರಬೇಕೆಂದೂ ವಾದಿಸಿದರು.

ನಮಗೆ ಇನ್ನೂ ಹತ್ತಿರದ್ದು ಮಧುರೆಯ ಬಳಿಯ ಕೀಳಡಿ. ಅಲ್ಲಿ ಅಗೆದು ತೆಗೆದ, ಸುಮಾರು ೨೬೦೦ ವರ್ಷ ಹಿಂದಿನ ಮಡಕೆಯ ಚೂರುಗಳ ಕಪ್ಪು ಲೇಪದಲ್ಲಿಯೂ ಇಂಗಾಲದ ನ್ಯಾನೋ ಕೊಳವೆಗಳಿವೆಯೆಂದು ವೇಲೂರಿನ ಸಂಶೋಧಕರು ೨೦೨೦ರಲ್ಲಿ ಬರೆದರು.

ಇಂಥ ಸುದ್ದಿ ಬಂದೊಡನೆ ನಮ್ಮ ಫೋನುಗಳಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ: ನಮ್ಮ ಪೂರ್ವಿಕರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು, ಪಾಶ್ಚಾತ್ಯರು ನಿನ್ನೆ ಮೊನ್ನೆ ಕಲಿತರು, ಇತ್ಯಾದಿ. ನಾನು ಇದನ್ನು ಒಪ್ಪುವವನಲ್ಲ. ಗೊತ್ತಿತ್ತು ಎನ್ನಬೇಕಾದರೆ ಕಣ ಇಂತಿಷ್ಟೆಂದು ಅಳೆದು, ಬೇಕೆಂದಾಗ ಹಿಗ್ಗಿಸಿ ಕುಗ್ಗಿಸಿ, ಅದಿರು ಬದಲಾದರೂ ವಿದ್ಯೆ ನಿಲ್ಲದ ಹಾಗೆ ಸರಿಪಡಿಸಿಕೊಳ್ಳುವ ಶಕ್ತಿ ಇರಬೇಕಾಗಿತ್ತು. ಅದು ಇರಲಿಲ್ಲ, ಉಕ್ಕಿನ ಕಥೆಯೇ ಅದಕ್ಕೆ ಸಾಕ್ಷಿ. ಅವರಲ್ಲಿದ್ದುದು ಬೇರೆ ಬಗೆಯ ಅರಿವು. ದೋಸೆಯ ಹಿಟ್ಟು ಹುಳಿಯುವ ಹದ ನಮ್ಮ ತಾಯಂದಿರಿಗೆ ಗೊತ್ತು; ಅದರಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳ ಹೆಸರು ಅವರನ್ನು ಕೇಳಿದರೆ ನಗುತ್ತಾರೆ. ಹಾಗೆಂದು ಅವರ ಅರಿವು ಕಡಮೆಯೇ? ಪ್ರಯೋಗಶಾಲೆಯವನು ಹೆಸರು ಬಲ್ಲ. ದೋಸೆ ಅವನಿಂದ ಬಂದೀತೆಂಬ ಭರವಸೆ ನನಗಿಲ್ಲ.

ನನ್ನ ತಕರಾರು ಸತ್ಯಾಸತ್ಯದ್ದು ಮಾತ್ರವಲ್ಲ. ಪೂರ್ವಿಕರನ್ನು ಹೊಗಳುವುದಕ್ಕೆ ಕಾಸು ಖರ್ಚಿಲ್ಲ. ಆ ಪೂರ್ವಿಕರ ಸುತ್ತಿಗೆಯನ್ನು ಇಂದಿಗೂ ಹಿಡಿದು ಕುಳಿತಿರುವ ಮನುಷ್ಯ ಬೀದರಿನ ಓಣಿಯಲ್ಲಿ ಬದುಕಿದ್ದಾನೆ. ಅವನ ಮಗ ಉಳಿ ಹಿಡಿಯುತ್ತಾನೋ ಬೆಂಗಳೂರಿಗೆ ಮೋಟಾರು ಓಡಿಸಲು ಹೋಗುತ್ತಾನೋ ಎಂಬುದು ಈ ತಿಂಗಳ ಮಾರಾಟದ ಮೇಲೆ ನಿಂತಿದೆ. ಬಿದರಿಗೆ ೨೦೦೬ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಬಂದಿತು. ಎರಡೂ ಸಂತೋಷದ ವಿಷಯವೇ. ಮೈಸೂರು ಚಿತ್ರದ್ದೂ ಹೀಗೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆ ಕೊಳ್ಳುತ್ತಿತ್ತು, ಈಗ ನಾವು ನೀವು ಕೊಳ್ಳಬೇಕು.

ಕಲೆಯೇ ಎದ್ದು ನ್ಯಾನೋ ವಿಜ್ಞಾನದ ಬಾಗಿಲು ತಟ್ಟಿದ ಒಂದು ಪ್ರಸಂಗವೂ ಉಂಟು. ಅದರ ಒಂದು ಕಾಲು ನಮ್ಮ ಉತ್ತರ ಕನ್ನಡದಲ್ಲಿರುವುದು ವಿಶೇಷ. ಮುಂಡಗೋಡಿನಲ್ಲಿ ೧೯೬೦ರ ದಶಕದಿಂದ ಟಿಬೆಟನ್ನರ ವಸತಿ ಇದೆ. ಅಲ್ಲಿಯ ಗಾದೆನ್ ಮಠದ ಭಿಕ್ಷುಗಳು ಬಣ್ಣದ ಮರಳಿನಿಂದ ಮಂಡಲ ಬರೆಯುವುದರಲ್ಲಿ ನಿಪುಣರು. ನಮ್ಮ ಹೆಂಗಸರು ಎರಡು ಬೆರಳ ಸಂದಿನಿಂದ ರಂಗೋಲಿ ಬಿಡುತ್ತಾರೆ. ಭಿಕ್ಷುಗಳು ಲೋಹದ ಸಣ್ಣ ಕೊಳವೆಯನ್ನು ತಿಕ್ಕುತ್ತ ಮರಳನ್ನು ಕಾಳುಕಾಳಾಗಿ ಉದುರಿಸುತ್ತಾರೆ. ೨೦೦೩ರ ಡಿಸೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಕಲಾ ಸಂಗ್ರಹಾಲಯದಲ್ಲಿ 'ನ್ಯಾನೋ' ಎಂಬ ಹೆಸರಿನ ಪ್ರದರ್ಶನವೊಂದು ತೊಡಗಿತು. ಅದೇ ಸಂಗ್ರಹಾಲಯದ ಬೇರೊಂದು ಪ್ರದರ್ಶನದ ಸಂಬಂಧವಾಗಿ ಗಾದೆನ್ ಮಠದ ಲ್ಹೋಪಾ ಶಾಖೆಯ ಭಿಕ್ಷುಗಳು ಎಂಟು ಅಡಿ ಅಗಲದ ಚಕ್ರಸಂವರ ಮಂಡಲವನ್ನು ಸುಮಾರು ನಾಲ್ಕು ವಾರ ಕುಳಿತು ಬರೆದರು. ಕಲಾವಿದೆ ವಿಕ್ಟೋರಿಯಾ ವೆಸ್ನಾ, ನ್ಯಾನೋ ವಿಜ್ಞಾನಿ ಜೇಮ್ಸ್ ಗಿಮ್ಜೆವ್‌ಸ್ಕಿ ಇಬ್ಬರೂ ಸೇರಿ ಅದರ ಚಿತ್ರಗಳನ್ನು ಹಂತಹಂತವಾಗಿ ತೆಗೆದರು: ಇಡೀ ಮಂಡಲ, ಅದರ ಒಂದು ದಳ, ದಳದ ಒಂದು ಮೂಲೆ, ಕಡೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದೇ ಮರಳ ಕಾಳು. ಕತ್ತಲೆಯ ಕೋಣೆಯಲ್ಲಿ ನೆಲದ ಮೇಲೆ ಮರಳನ್ನು ವೃತ್ತಾಕಾರವಾಗಿ ಹರಡಿ ಅದರ ಮೇಲೆ ಈ ಚಿತ್ರಗಳನ್ನು ಮೂಡಿಸಿದರು. ಮರಳ ಕಾಳಿನ ಒಳಗಿನಿಂದ ಹೊರಟು ಮಂಡಲದವರೆಗೆ, ಮತ್ತೆ ಮಂಡಲದಿಂದ ಕಾಳಿನೊಳಕ್ಕೆ ಚಿತ್ರ ಹೋಗಿ ಬರುತ್ತದೆ. ಬಂದವರು ಮರಳಿನಲ್ಲಿ ಕೈಯಾಡಿಸಬಹುದು.

ವಿಜ್ಞಾನಿ ಪರಮಾಣುಗಳನ್ನು ಒಂದೊಂದಾಗಿ ಸರಿಸುವುದಕ್ಕೂ ಭಿಕ್ಷು ಮರಳನ್ನು ಕಾಳುಕಾಳಾಗಿ ಇಡುವುದಕ್ಕೂ ಇರುವ ಹೋಲಿಕೆ ಈ ಕೃತಿಯ ಹಿಂದಿನ ಭಾವ. ೧೯೮೯ರಲ್ಲಿ ಐ.ಬಿ.ಎಂ. ಕಂಪೆನಿಯ ಡಾನ್ ಐಗ್ಲರ್ ೩೫ ಝೀನಾನ್ ಪರಮಾಣುಗಳನ್ನು ಒಂದೊಂದಾಗಿ ಜೋಡಿಸಿ ಕಂಪೆನಿಯ ಹೆಸರಿನ ಮೂರು ಅಕ್ಷರ ಬರೆದದ್ದು ಪ್ರಸಿದ್ಧ. ಕೈಗೆ ಸಿಕ್ಕಿದ ಮೊದಲ ಅವಕಾಶದಲ್ಲಿ ಯಜಮಾನರ ಹೆಸರು ಬರೆದದ್ದು ನನ್ನಂಥ ನೌಕರನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಮುಂಡಗೋಡಿನವರ ಮಂಡಲವೇ ನನಗೆ ಹೆಚ್ಚು ಹಿಡಿಸಿತು.

ನೌಕರಿಯ ಮಾತು ಬಂದುದರಿಂದ ಒಂದು ಸಂಗತಿ ಹೇಳಿಬಿಡುತ್ತೇನೆ. ಇದೇ ಚೆನ್ನೈಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸರ್ ಸಿ. ವಿ. ರಾಮನ್ನರು ೧೯೦೭ರಿಂದ ಹತ್ತು ವರ್ಷ ಸರಕಾರದ ಲೆಕ್ಕಪತ್ರ ಇಲಾಖೆಯಲ್ಲಿದ್ದವರು. ಹಕ್ಕಿಗಳ ಗರಿ, ಕಪ್ಪೆಚಿಪ್ಪು, ಕ್ಷೀರಸ್ಫಟಿಕ ಮುಂತಾದವು ಬಣ್ಣವನ್ನು ಬಳಿದುಕೊಳ್ಳದೆಯೇ ಬಣ್ಣ ತೋರುವುದು ಹೇಗೆಂದು ಅವರು ಬಹಳ ಕಾಲ ಶೋಧಿಸಿದರು. ನವಿಲುಗರಿಯಲ್ಲಿ ನೀಲಿ, ಹಸಿರು ಬಣ್ಣದ ಪದಾರ್ಥವೇ ಇಲ್ಲ. ಒಂದೂವರೆ ನೂರು ನ್ಯಾನೋಮೀಟರಿನಷ್ಟು ಅಂತರದಲ್ಲಿ ಸಾಲಾಗಿ ಜೋಡಿಸಿದ ಕಡ್ಡಿಗಳಿವೆ, ಅವು ಬೆಳಕನ್ನು ಆರಿಸಿ ಹಿಂದಕ್ಕೆ ಕಳುಹಿಸುತ್ತವೆ. ಕಂಚಿಯ ಅಂಗಡಿಯಲ್ಲಿ 'ನವಿಲು ಕತ್ತಿನ ಬಣ್ಣ' ಎಂದು ಸೀರೆ ಆರಿಸುವ ಸೋದರಿಯರು ಇದನ್ನು ನೆನಪಿಡಬಹುದು: ನೇಕಾರ ಎರಡು ಬಣ್ಣದ ನೂಲು ಹೆಣೆದು ತರುವ ಬೆರಗನ್ನು ನವಿಲು ಒಂದೇ ಕಂದುಗಪ್ಪಿನಿಂದ ತರುತ್ತದೆ.

ಕಲೆಯಿಂದ ವಿಜ್ಞಾನ ಪಡೆದದ್ದು ಇಷ್ಟಾದರೆ, ವಿಜ್ಞಾನ ಹಿಂದಕ್ಕೆ ಕೊಟ್ಟದ್ದೇನು? ೧೯೬೬ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಪ್ರವಾಹ ನುಗ್ಗಿ ಅಲ್ಲಿಯ ಭಿತ್ತಿಚಿತ್ರಗಳು ಕೆಟ್ಟುವು. ಅಂಥವುಗಳ ಮೇಲೆ ಕೃತಕ ಅಂಟುಗಳನ್ನು ಲೇಪಿಸಿದ ಕಡೆಗಳಲ್ಲಿ ಅನೇಕ ವೇಳೆ ಕಾಲಕ್ರಮದಲ್ಲಿ ಹಾನಿಯೇ ಹೆಚ್ಚಾಯಿತು. ಆ ನಗರದ ವಿಶ್ವವಿದ್ಯಾನಿಲಯದ ಪಿಯೆರೋ ಬಾಲ್ಯೋನಿ ಮತ್ತು ಸಂಗಡಿಗರು ಕಂಡುಕೊಂಡ ಮದ್ದು ಬಹು ಸರಳ: ಸುಣ್ಣ. ಆದರೆ ನ್ಯಾನೋ ಕಣಗಳಾಗಿ ಮದ್ಯಸಾರದಲ್ಲಿ ತೇಲಿಸಿದ ಸುಣ್ಣ. ಗಾರೆಯ ಒಳಗಿನ ಸಣ್ಣ ಬಿರುಕುಗಳಿಗೆ ಅದು ಇಳಿದು, ಗಾಳಿಯ ಇಂಗಾಲಾಮ್ಲದೊಡನೆ ಸೇರಿ ಮತ್ತೆ ಗಾರೆಯ ಕಲ್ಲಾಗುತ್ತದೆ. ಹಳೆಯ ಚಿತ್ರಗಾರ ಯಾವುದರಿಂದ ಬಣ್ಣ ಹಿಡಿಸಿದ್ದನೋ ಅದೇ ವಸ್ತು ಮತ್ತೆ ಅಲ್ಲಿಗೆ ಬರುತ್ತದೆ. ಮೆಕ್ಸಿಕೋದ ಮಾಯಾ ಜನರ ಚಿತ್ರಗಳಿಗೂ ಇದನ್ನು ಪ್ರಯೋಗಿಸಿದ್ದಾರೆ.

ನಮ್ಮ ಬಾದಾಮಿ, ಲೇಪಾಕ್ಷಿ, ಹಂಪಿಯ ವಿರೂಪಾಕ್ಷನ ಛಾವಣಿ, ಶ್ರೀರಂಗಪಟ್ಟಣದ ದರಿಯಾ ದೌಲತ್ತು, ಇವುಗಳ ಚಿತ್ರಗಳಿಗೂ ವಯಸ್ಸಾಗಿದೆ. ಆದರೆ ಇಟಲಿಯ ಮದ್ದನ್ನು ಕಣ್ಣುಮುಚ್ಚಿ ಇಲ್ಲಿ ಸುರಿಯುವಂತಿಲ್ಲ. ಇಟಲಿಯವರು ಹಸಿಗಾರೆಯ ಮೇಲೆ ಬರೆದರು. ನಮ್ಮಲ್ಲಿ ಒಣಗಾರೆಯ ಮೇಲೆ ಅಂಟು ಬೆರೆಸಿ ಬರೆದವು ಅನೇಕ. ಗೋಡೆಗೊಂದು ಜಾತಕವಿದೆ, ಅದನ್ನು ಮೊದಲು ಓದಬೇಕು. ಈ ಓದುವಿಕೆಗೆ ನಾಂದಿ ಹಾಡಿದ್ದು ನಮ್ಮ ಎಗ್ಮೋರಿನ ಸರಕಾರಿ ವಸ್ತುಸಂಗ್ರಹಾಲಯ. ಅಲ್ಲಿ ೧೯೩೦ರಲ್ಲಿ ತೊಡಗಿದ ರಸಾಯನ ಪ್ರಯೋಗಶಾಲೆಯಲ್ಲಿ ಎಸ್. ಪರಮಶಿವನ್ ಎಂಬವರು ಹಳೆಯ ಕಂಚಿನ ವಿಗ್ರಹಗಳ ಕಿಲುಬು ಬಿಡಿಸಿದ್ದಲ್ಲದೆ ತಂಜಾವೂರಿನ ಬೃಹದೀಶ್ವರ ದೇವಾಲಯದ ಭಿತ್ತಿಚಿತ್ರಗಳ ಗಾರೆಯನ್ನೂ ಬಣ್ಣವನ್ನೂ ಪರೀಕ್ಷಿಸಿ ಬರೆದರು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಕಂಚಿನ ನಟರಾಜನನ್ನು ತೋರಿಸುವಾಗ ಈ ಹೆಸರನ್ನೂ ಹೇಳಬಹುದು.

ಕಳೆದ ಚಳಿಗಾಲದಲ್ಲಿ ನಮ್ಮೂರಿನ ಕರಕುಶಲ ವಸ್ತುಗಳ ಮೇಳವೊಂದರಲ್ಲಿ ಬೀದರಿನಿಂದ ಬಂದವರೊಬ್ಬರು ಮಳಿಗೆ ಹಾಕಿದ್ದರು. ತಮಿಳರ ನಡುವೆ ಹಿಂದಿಯಲ್ಲಿ ಮಾತಾಡಿ ದಣಿದವರು ನನ್ನ ಕನ್ನಡ ಕೇಳಿ ಕುರ್ಚಿ ಸರಿಸಿ 'ಕೂಡ್ರಿ ಸಾಹೇಬ್ರ' ಎಂದರು. ಅಷ್ಟರಲ್ಲಿ ಒಬ್ಬ ಮಹಿಳೆ ಬಂದು ಒಂದು ಪುಟ್ಟ ಕುಂಕುಮದ ಭರಣಿಯನ್ನು ತಿರುಗಿಸಿ ನೋಡಿ, 'ಇದರಲ್ಲಿ ಬೆಳ್ಳಿ ಎಷ್ಟು ತೂಕ? ಇವತ್ತಿನ ದರಕ್ಕೆ ಲೆಕ್ಕ ಹಾಕಿದರೆ ನೀವು ಹೇಳುವ ಬೆಲೆಯ ಕಾಲು ಭಾಗವೂ ಆಗುವುದಿಲ್ಲವಲ್ಲ' ಎಂದು ಕೇಳಿದರು. ನಾನು ಇಬ್ಬರ ನಡುವೆ ದುಭಾಷಿಯಾದೆ. ಆತ ಬೇಸರಪಟ್ಟುಕೊಳ್ಳಲಿಲ್ಲ. 'ಬೆಳ್ಳಿ ಎಲ್ಲಾ ಕಡಿ ಸಿಗ್ತದ್ರೀ ಅಮ್ಮಾರ, ಈ ಕಪ್ಪ ಸಿಗಂಗಿಲ್ರೀ' ಎಂದರು. ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಆಕೆ ನಕ್ಕು, ಐವತ್ತು ರೂಪಾಯಿ ಇಳಿಸಿಕೊಂಡು, ಭರಣಿಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೋದರು.